ಸ್ವರದ ಒಳಗೊಂದು ಲೋಕ: ಫ್ರೆಂಚ್ ಸಂಯೋಜಕ ತ್ರಿಸ್ತಾಂ ಮ್ಯುರಾಯ್ ಅವರ ನಾದಶೋಧ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಎಂದೊಡನೆ ಬಹುತೇಕರ ನೆನಪಿಗೆ ಬರುವುದು ಬಾಖ್, ಮೊಜಾರ್ಟ್, ಬೀಥೋವನ್ ಅವರಂತಹ ಹೆಸರುಗಳು. ಇವರೆಲ್ಲ ಕಾಲವಾಗಿ ಎರಡು ಶತಮಾನಗಳೇ ಸಂದಿವೆ ಅಥವಾ ಸಲ್ಲುತ್ತಿವೆ. ಹಾಗಾದರೆ ಆ ಪರಂಪರೆ ಅಲ್ಲಿಗೇ ನಿಂತುಹೋಯಿತೇ? ಇಲ್ಲ. ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಯೂರೋಪಿನಲ್ಲಿ ಹೊಸ ಸಂಗೀತ ರಚನೆಯಾಗುತ್ತಲೇ ಬಂದಿದೆ. ಆದರೆ ಅದರ ಮತ್ತು ಸಾಮಾನ್ಯ ಶ್ರೋತೃಗಳ ನಡುವಣ ಅಂತರ ಮಾತ್ರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತ ಹೋಯಿತು. ಗಣಿತದಂತೆ ಕಟ್ಟಿದ ಆ ಸಂಗೀತ ಕಾಗದದ ಮೇಲೆ ಎಷ್ಟು ಕ್ರಮಬದ್ಧವಾಗಿದ್ದರೂ ಕಿವಿಗೆ ಆ ಕ್ರಮ ದಕ್ಕುವುದಿಲ್ಲ ಎಂಬ ದೂರು ಸಂಗೀತಗಾರರ ವಲಯದೊಳಗಿಂದಲೇ ಎದ್ದಿತು.

ಈ ದೂರಿಗೆ 1970ರ ದಶಕದಲ್ಲಿ ಪ್ಯಾರಿಸ್‌ನ ಕೆಲವು ಯುವಕರು ಒಂದು ಉತ್ತರ ಹುಡುಕಿದರು. ಹಳೆಯ ರಾಗಮಾಧುರ್ಯಕ್ಕೆ ಹಿಂದಿರುಗುವುದು ಅವರಿಗೆ ಬೇಕಿರಲಿಲ್ಲ. ಬದಲಿಗೆ ಸಂಗೀತದ ಮೂಲದ್ರವ್ಯವಾದ ನಾದವನ್ನೇ ಬಿಡಿಸಿ ನೋಡಿ, ಅದರೊಳಗಿನ ನಿಯಮಗಳಿಂದಲೇ ಕೃತಿಯನ್ನು ಕಟ್ಟುವುದು ಅವರ ಮಾರ್ಗ. ಅದಕ್ಕೆ ‘ಸ್ಪೆಕ್ಟ್ರಲ್ ಸಂಗೀತ’ ಎಂಬ ಹೆಸರು ಬಂತು. ಕನ್ನಡದಲ್ಲಿ ‘ರೋಹಿತ ಸಂಗೀತ’ ಎನ್ನಬಹುದು. ಬಿಳಿಯ ಬೆಳಕು ಪಟ್ಟಕದ ಮೂಲಕ ಹಾದು ಬಣ್ಣಗಳಾಗಿ ಒಡೆಯುವಂತೆ ಒಂದು ಧ್ವನಿಯೂ ಅನೇಕ ಕಂಪನಗಳಾಗಿ ಒಡೆಯುತ್ತದೆ ಎಂಬುದು ಈ ಹೆಸರಿನ ಹಿಂದಿನ ಅರ್ಥ. ಈ ಮಾರ್ಗದ ಪ್ರವರ್ತಕರಲ್ಲಿ ಒಬ್ಬರು, ಅದನ್ನು ಮುಂದಿನ ಪೀಳಿಗೆಗೆ ದಾಟಿಸಿದ ಅಧ್ಯಾಪಕರಲ್ಲಿ ಪ್ರಮುಖರು ತ್ರಿಸ್ತಾಂ ಮ್ಯುರಾಯ್.

ಅರ್ಥಶಾಸ್ತ್ರದಿಂದ ಸಂಗೀತದ ತರಗತಿಗೆ

ಮ್ಯುರಾಯ್ ಹುಟ್ಟಿದ್ದು 1947ರ ಮಾರ್ಚ್ 11ರಂದು, ಫ್ರಾನ್ಸಿನ ಬಂದರು ನಗರ ಲ ಆವ್ರ್‌ನಲ್ಲಿ. ತಂದೆ ಜೆರಾರ್ ಮ್ಯುರಾಯ್ ಕವಿ, ತಾಯಿ ಪತ್ರಕರ್ತೆ. ತಮ್ಮ ಲೋರಿ, ತಂಗಿಯರಾದ ಮಾರಿ-ಓದ್ ಮತ್ತು ಎಲ್ವೀರ್ ಮೂವರೂ ಲೇಖಕರಾದರು. ಇವರಲ್ಲಿ ಮಾರಿ-ಓದ್ ಮ್ಯುರಾಯ್ ಮಕ್ಕಳ ಸಾಹಿತ್ಯದ ಅತ್ಯುನ್ನತ ಗೌರವವೆನಿಸಿದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿಯನ್ನು 2022ರಲ್ಲಿ ಪಡೆದರು. ಅಕ್ಷರವೇ ಕುಲಕಸುಬಾಗಿದ್ದ ಮನೆಯಲ್ಲಿ ಹಿರಿಯ ಮಗ ಮಾತ್ರ ನಾದದ ದಾರಿ ಹಿಡಿದರು.

ಆ ದಾರಿಯೂ ನೇರವಾಗಿರಲಿಲ್ಲ. ಮ್ಯುರಾಯ್ ಮೊದಲು ಓದಿದ್ದು ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಅರಬ್ಬೀ ಭಾಷೆಯನ್ನು. ಆನಂತರ 1967ರಲ್ಲಿ ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಓಲಿವಿಯೇ ಮೆಸ್ಸಿಯಾಂ ಅವರ ತರಗತಿಗೆ ಸೇರಿದರು. ಮೆಸ್ಸಿಯಾಂ ಆಗ ಯೂರೋಪಿನ ಅತ್ಯಂತ ಪ್ರಭಾವಶಾಲಿ ಸಂಗೀತಗುರು. ಪಿಯೇರ್ ಬೂಲೆಜ್, ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸೆನ್, ಯಾನಿಸ್ ಝೆನಾಕಿಸ್ ಅವರಂತಹ ಘಟಾನುಘಟಿಗಳು ಆ ತರಗತಿಯಲ್ಲಿ ಕುಳಿತು ಎದ್ದವರು. ಈ ಮೂವರ ಸಂಗೀತದಲ್ಲಿ ಒಂದಕ್ಕೊಂದು ಹೋಲಿಕೆಯೇ ಇಲ್ಲ ಎಂಬುದು ಗುರುವಿನ ಬೋಧನಾಕ್ರಮಕ್ಕೆ ಸಾಕ್ಷಿ. ಶಿಷ್ಯ ತನ್ನಂತಾಗಬೇಕೆಂದು ಮೆಸ್ಸಿಯಾಂ ಬಯಸಲಿಲ್ಲ.

ಭಾರತದ ಓದುಗರಿಗೆ ಮೆಸ್ಸಿಯಾಂ ಇನ್ನೊಂದು ಕಾರಣಕ್ಕೂ ಪರಿಚಿತರಾಗಬೇಕಾದವರು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತ ರತ್ನಾಕರ’ದಲ್ಲಿ ಪಟ್ಟಿಮಾಡಿದ 120 ದೇಶೀ ತಾಳಗಳನ್ನು ಮೆಸ್ಸಿಯಾಂ ಒಂದು ಫ್ರೆಂಚ್ ವಿಶ್ವಕೋಶದ ಮೂಲಕ ಅರಿತು, ತಮ್ಮ ಲಯವಿನ್ಯಾಸಗಳಿಗೆ ಬಳಸಿಕೊಂಡರು. 1949ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಮೊದಲು ನುಡಿಸಲ್ಪಟ್ಟ ಅವರ ‘ತುರಂಗಲೀಲಾ’ ಸಿಂಫನಿಯ ಹೆಸರೇ ಸಂಸ್ಕೃತದ್ದು. ಈ ಕೃತಿಯಲ್ಲಿ ಓಂದ್ ಮಾರ್ತೆನೋ ಎಂಬ ವಿದ್ಯುನ್ಮಾನ ವಾದ್ಯಕ್ಕೆ ಮುಖ್ಯ ಪಾತ್ರವಿದೆ. 1928ರಲ್ಲಿ ಮೊರೀಸ್ ಮಾರ್ತೆನೋ ಲೋಕಕ್ಕೆ ತೋರಿಸಿದ ಈ ವಾದ್ಯ ಸ್ವರದಿಂದ ಸ್ವರಕ್ಕೆ ಮೆಟ್ಟಿಲಿಲ್ಲದೆ ಜಾರಬಲ್ಲದು. ಮ್ಯುರಾಯ್ ಈ ವಾದ್ಯದಲ್ಲಿ ಪರಿಣತರು. ಎಸಾ-ಪೆಕ್ಕಾ ಸಲೋನೆನ್ ನಿರ್ದೇಶನದಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಧ್ವನಿಮುದ್ರಿಸಿದ ‘ತುರಂಗಲೀಲಾ’ದಲ್ಲಿ ಅದನ್ನು ನುಡಿಸಿದವರು ಅವರೇ. ಪಿಯಾನೋದ ಕಟ್ಟೆಗಳ ನಡುವೆಯೂ ಸ್ವರಗಳಿವೆ ಎಂಬುದು ಅವರಿಗೆ ಪುಸ್ತಕದ ತಿಳಿವಳಿಕೆಯಷ್ಟೇ ಆಗಿರಲಿಲ್ಲ, ಬೆರಳಿನ ಅನುಭವವೂ ಆಗಿತ್ತು.

ರೋಮ್‌ನಿಂದ ಹೊಸ ಹಾದಿ

1971ರಲ್ಲಿ ಮ್ಯುರಾಯ್ ಅವರಿಗೆ ಪ್ರತಿಷ್ಠಿತ ‘ರೋಮ್ ಪ್ರಶಸ್ತಿ’ ಲಭಿಸಿತು. ಪ್ರಶಸ್ತಿ ಪಡೆದವರು ರೋಮ್ ನಗರದ ವಿಲ್ಲಾ ಮೆಡಿಚಿಯಲ್ಲಿ ಕೆಲಕಾಲ ನೆಲೆಸಿ ನಿಶ್ಚಿಂತೆಯಿಂದ ಸೃಷ್ಟಿಕಾರ್ಯದಲ್ಲಿ ತೊಡಗಬಹುದು. ಮೆಸ್ಸಿಯಾಂ ಅವರ ಇನ್ನೊಬ್ಬ ಶಿಷ್ಯ ಜೆರಾರ್ ಗ್ರಿಸೇ 1972ರಲ್ಲಿ ಅಲ್ಲಿಗೆ ಬಂದರು. ಒಂದೇ ಸ್ವರವನ್ನು ನಿಮಿಷಗಟ್ಟಲೆ ಹಿಡಿದು ಅದರೊಳಗಿನ ಸೂಕ್ಷ್ಮ ಚಲನೆಗಳನ್ನೇ ಸಂಗೀತವಾಗಿಸುತ್ತಿದ್ದ ಇಟಲಿಯ ಹಿರಿಯ ಸಂಯೋಜಕ ಜಚಿಂತೋ ಶೆಲ್ಸಿ ವಾಸವಿದ್ದುದೂ ರೋಮ್‌ನಲ್ಲಿಯೇ. ಈ ಸಹವಾಸ ಇಬ್ಬರು ಯುವಕರ ಚಿಂತನೆಯನ್ನು ಗಟ್ಟಿಗೊಳಿಸಿತು.

ಅವರು ಎದುರಿಸಿದ್ದು ಸಣ್ಣ ಎದುರಾಳಿಯನ್ನಲ್ಲ. ಎರಡನೆಯ ಮಹಾಯುದ್ಧದ ನಂತರ ಯೂರೋಪಿನ ಹೊಸ ಸಂಗೀತದ ಮೇಲೆ ‘ಸೀರಿಯಲ್’ ಪದ್ಧತಿಯ ಹಿಡಿತ ಬಲವಾಗಿತ್ತು. ಸಪ್ತಕದ 12 ಸ್ವರಗಳನ್ನೂ ಸಮಾನವಾಗಿ ಕಂಡು, ಅವುಗಳನ್ನು ಒಂದು ನಿಶ್ಚಿತ ಸಾಲಿನಲ್ಲಿ ಜೋಡಿಸಿ, ಆ ಸಾಲನ್ನೇ ತಿರುಗಿಸಿ ಮುರುಗಿಸಿ ಕೃತಿ ಕಟ್ಟುವ ಕ್ರಮವದು. ಬೂಲೆಜ್ ಅದರ ಮುಂದಾಳು. ಬೇರೆ ರೀತಿಯಲ್ಲಿ ಬರೆಯುವ ಯುವಕನಿಗೆ ವೇದಿಕೆ ದೊರಕುವುದೇ ದುಸ್ತರವಾಗಿತ್ತು. ಆದುದರಿಂದ 1973ರಲ್ಲಿ ಮ್ಯುರಾಯ್, ರೋಜೇ ತೆಸ್ಸಿಯೇ, ಗ್ರಿಸೇ, ಮಿಕಾಯೆಲ್ ಲೆವಿನಾಸ್ ಮೊದಲಾದವರು ತಮ್ಮದೇ ಆದ ವಾದ್ಯಬಳಗವೊಂದನ್ನು ಕಟ್ಟಿದರು. ಅದರ ಹೆಸರು ‘ಲಿತಿನೆರೇರ್’, ಅಂದರೆ ‘ಪಥ’. ಸಂಯೋಜಕರು ತಾವು ಬರೆದದ್ದನ್ನು ತಕ್ಷಣ ನುಡಿಸಿ, ಕೇಳಿ, ತಿದ್ದಿಕೊಳ್ಳುವ ಪ್ರಯೋಗಶಾಲೆ ಅದಾಯಿತು. ಬಳಗದ ಸಂಯೋಜಕ ಹಾಗೂ ತತ್ತ್ವಶಾಸ್ತ್ರಜ್ಞ ಯೂಗ್ ದ್ಯುಫೂರ್ 1979ರಲ್ಲಿ ಬಳಸಿದ ‘ಸ್ಪೆಕ್ಟ್ರಲ್’ ಎಂಬ ಪದ ಶಾಶ್ವತವಾಗಿ ಅಂಟಿಕೊಂಡಿತು.

ಒಂದು ಸ್ವರದಲ್ಲಿ ಎಷ್ಟು ಸ್ವರ?

ಈ ಸಂಗೀತದ ಒಳಮರ್ಮ ತಿಳಿಯಲು ಸ್ವಲ್ಪ ಭೌತಶಾಸ್ತ್ರ ಅಗತ್ಯ. ತಂತಿಯೊಂದು ಸೆಕೆಂಡಿಗೆ 100 ಬಾರಿ ಕಂಪಿಸಿದಾಗ ನಾವು ಒಂದು ಮಂದ್ರಸ್ವರವನ್ನು ಕೇಳುತ್ತೇವೆ. ಆದರೆ ಅದೇ ತಂತಿ ಅದೇ ಕ್ಷಣದಲ್ಲಿ ಅರ್ಧ ಭಾಗಗಳಾಗಿ 200 ಬಾರಿ, ಮೂರು ಭಾಗಗಳಾಗಿ 300 ಬಾರಿ, ನಾಲ್ಕು ಭಾಗಗಳಾಗಿ 400 ಬಾರಿ, ಹೀಗೆ ಮೇಲಕ್ಕೆ ಕಂಪಿಸುತ್ತಲೇ ಇರುತ್ತದೆ. ಇವೇ ಉಪಸ್ವರಗಳು. ಕಿವಿ ಇವನ್ನೆಲ್ಲ ಬೆಸೆದು ಒಂದೇ ಸ್ವರವಾಗಿ ಗ್ರಹಿಸುತ್ತದೆ. ಒಂದೇ ಶ್ರುತಿಯಲ್ಲಿ ನುಡಿಸಿದರೂ ಕೊಳಲಿಗೂ ಪಿಟೀಲಿಗೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಈ ಉಪಸ್ವರಗಳ ಬಲಾಬಲದಿಂದ ಬಂದದ್ದು. ಕಚೇರಿಯಲ್ಲಿ ತಂಬೂರಿಗೆ ಕಿವಿಗೊಟ್ಟು ಕುಳಿತವರಿಗೆ ಇದು ಹೊಸ ವಿಷಯವಲ್ಲ. ಯಾರೂ ಮೀಟದ ಗಾಂಧಾರ ಆ ತಂತಿಗಳ ಝೇಂಕಾರದಿಂದ ತಾನಾಗಿ ತೇಲಿಬರುವುದು 5ನೆಯ ಉಪಸ್ವರದ ದೆಸೆಯಿಂದ.

ಗ್ರಿಸೇ 1975ರಲ್ಲಿ ರಚಿಸಿದ ‘ಪಾರ್ತಿಯೆಲ್’ ಕೃತಿಯಲ್ಲಿ ಟ್ರಾಂಬೋನ್ ವಾದ್ಯದ ಒಂದು ಮಂದ್ರಸ್ವರವನ್ನು ವಿಶ್ಲೇಷಿಸಿ, ಅದರ ಒಂದೊಂದು ಉಪಸ್ವರವನ್ನು ಒಂದೊಂದು ವಾದ್ಯಕ್ಕೆ ಹಂಚಿದರು. ವಾದ್ಯವೃಂದವಿಡೀ ಸೇರಿ ಒಂದೇ ಸ್ವರದ ಬೃಹತ್ ಪ್ರತಿಬಿಂಬವಾಯಿತು. ಅಲ್ಲಿ ಮೇಳೈಸಿದ್ದು ಸ್ವರಗುಚ್ಛವೋ ನಾದಗುಣವೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ಇಲ್ಲಿ ಒಂದು ಪ್ರಾಯೋಗಿಕ ತೊಡಕೂ ಇದೆ. ಪ್ರಕೃತಿಯ ಉಪಸ್ವರಗಳು ಪಿಯಾನೋದ 12 ಸ್ಥಾನಗಳಿಗೆ ಹೊಂದಿಕೊಳ್ಳುವುದಿಲ್ಲ. 7ನೆಯ ಉಪಸ್ವರ ಹತ್ತಿರದ ಕಟ್ಟೆಗಿಂತ ಸಾಕಷ್ಟು ಕೆಳಗಿರುತ್ತದೆ. 11ನೆಯದು ಎರಡು ಕಟ್ಟೆಗಳ ನಡುವೆ ಸರಿಸುಮಾರು ಅರ್ಧದಾರಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ಈ ಸಂಯೋಜಕರು ಸಪ್ತಕವನ್ನು 24 ಭಾಗ ಮಾಡಿ ಕಾಲುಸ್ವರಗಳನ್ನು ಬರೆಯಬೇಕಾಯಿತು. ಹನ್ನೆರಡು ಸ್ವರಗಳಲ್ಲೇ ಪಳಗಿದ ವಾದಕರು ಹೊಸ ಬೆರಳಿಡುವಿಕೆಗಳನ್ನು, ಹೊಸ ಆಲಿಕೆಯನ್ನು ರೂಢಿಸಿಕೊಳ್ಳಬೇಕಾಯಿತು.

ಯಂತ್ರದ ಪಾಠ, ವಾದ್ಯದ ಮಾತು

ಗ್ರಿಸೇ ಹೆಚ್ಚಾಗಿ ಕಾಲದ ಗತಿಯನ್ನು ಕುರಿತು ಚಿಂತಿಸಿದರೆ, ಮ್ಯುರಾಯ್ ಅವರನ್ನು ಸೆಳೆದದ್ದು ವಿದ್ಯುನ್ಮಾನ ಸ್ಟುಡಿಯೋದ ತಂತ್ರಗಳು. ಯಂತ್ರ ಮಾಡುವುದನ್ನು ಮನುಷ್ಯರು ನುಡಿಸುವ ವಾದ್ಯಗಳಿಂದಲೇ ಮಾಡಿಸಲು ಸಾಧ್ಯವೇ ಎಂಬುದು ಅವರ ಪ್ರಶ್ನೆ. 1976ರ ‘ಮೆಮ್ವಾರ್/ಎರೋಜಿಯೋಂ’, ಅಂದರೆ ‘ನೆನಪು/ಸವೆತ’, ಇದಕ್ಕೊಂದು ನಿದರ್ಶನ. ಟೇಪ್‌ನಲ್ಲಿ ಮುದ್ರಿಸಿದ ಧ್ವನಿಯನ್ನು ಮತ್ತೆ ಮತ್ತೆ ಮುದ್ರಿಸುತ್ತ ಹೋದರೆ ಅದು ಕ್ರಮೇಣ ಮಸುಕಾಗಿ ಗದ್ದಲದಲ್ಲಿ ಕರಗುತ್ತದೆ. ಈ ಕೃತಿಯಲ್ಲಿ ಹಾರ್ನ್ ವಾದ್ಯ ನುಡಿದದ್ದನ್ನು ಒಂಬತ್ತು ವಾದ್ಯಗಳು ಸ್ವಲ್ಪ ತಡವಾಗಿ ಪುನರುಚ್ಚರಿಸುತ್ತವೆ. ಪ್ರತಿ ಸುತ್ತಿನಲ್ಲೂ ಮೂಲ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ವೇದಿಕೆಯ ಮೇಲೆ ಟೇಪ್ ಯಂತ್ರವೇ ಇಲ್ಲ, ಅದರ ನಡವಳಿಕೆ ಮಾತ್ರ ಇದೆ.

ಮರುವರ್ಷ ರಚಿಸಿದ ಪಿಯಾನೋ ಕೃತಿ ‘ತೆರಿತ್ವಾರ್ ದ ಲೂಬ್ಲಿ’ಯಲ್ಲಿ, ಅಂದರೆ ‘ಮರೆವಿನ ಸೀಮೆಗಳು’ ಎಂಬುದರಲ್ಲಿ, ವಾದಕ ಆರಂಭದಿಂದ ಅಂತ್ಯದವರೆಗೆ ಪೆಡಲ್ ಒತ್ತಿಯೇ ಇರಬೇಕು. ತಂತಿಗಳ ಮೇಲಿನ ತಡೆ ಪೂರ್ತಿ ಸರಿದಿರುವುದರಿಂದ ನುಡಿಸಿದ ಯಾವ ಸ್ವರವೂ ಥಟ್ಟನೆ ನಿಲ್ಲುವುದಿಲ್ಲ. ಸುತ್ತಿಗೆಯ ಹೊಡೆತಕ್ಕಿಂತ ಅದರ ನಂತರ ಉಳಿಯುವ ಅನುರಣನವೇ ಇಲ್ಲಿ ಮುಖ್ಯ ವಸ್ತು. ಪಿಯಾನೋ ಎಂದರೆ ಬಡಿದು ನುಡಿಸುವ ವಾದ್ಯ ಎಂಬ ಕಲ್ಪನೆಯನ್ನು ಬದಿಗಿಟ್ಟು, ಬಡಿತಕ್ಕೆ ಮಿಡಿಯುವ ತಂತಿಗಳ ದೊಡ್ಡ ಸಮೂಹ ಎಂದು ನೋಡಿದ್ದರ ಫಲ ಇದು.

1980ರ ವಾದ್ಯವೃಂದ ಕೃತಿ ‘ಗೊಂಡ್ವಾನ’ ಅವರಿಗೆ ವ್ಯಾಪಕ ಮನ್ನಣೆ ತಂದಿತು. ಈ ಹೆಸರಿಗೂ ಭಾರತಕ್ಕೂ ನಂಟಿದೆ. ಮಧ್ಯಭಾರತದ ಗೊಂಡರ ನಾಡಿನ ಹೆಸರನ್ನು ಭೂವಿಜ್ಞಾನಿಗಳು ಅಲ್ಲಿನ ಶಿಲಾಪದರಗಳಿಗೂ, ಆ ಮೂಲಕ ಕೋಟ್ಯಂತರ ವರ್ಷಗಳ ಹಿಂದಿನ ಮಹಾಖಂಡಕ್ಕೂ ಇಟ್ಟರು. ಭಾರತ, ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕ ಒಂದಾಗಿದ್ದ ಆ ಭೂಭಾಗ ನಿಧಾನವಾಗಿ ಒಡೆದು ಸರಿದಂತೆ, ಕೃತಿಯಲ್ಲಿ ಬೃಹತ್ ನಾದರಾಶಿಗಳು ಒಂದರಿಂದ ಇನ್ನೊಂದಕ್ಕೆ ಸರಿಯುತ್ತವೆ.

ಕೃತಿಯ ಆರಂಭ ಭಾರಿ ಗಂಟೆಯ ನಾದದಂತೆ ಕೇಳಿಸುತ್ತದೆ. ಅದನ್ನು ಕಟ್ಟಿದ ಲೆಕ್ಕ ಕುತೂಹಲಕರ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ 1973ರಲ್ಲಿ ಪ್ರಕಟಿಸಿದ ವಿಧಾನದಂತೆ, ಒಂದು ಧ್ವನಿಯ ಆವರ್ತನವನ್ನು ಇನ್ನೊಂದರಿಂದ ಅಲುಗಾಡಿಸಿದರೆ ಹೊಸ ಧ್ವನಿಗಳು ಹುಟ್ಟುತ್ತವೆ. ಮೊದಲನೆಯದು 200, ಎರಡನೆಯದು 140 ಎಂದಿಟ್ಟುಕೊಳ್ಳೋಣ. ಕೂಡಿದರೆ 340, ಕಳೆದರೆ 60. ಎರಡನೆಯದರ ಇಮ್ಮಡಿಯನ್ನು ಕೂಡಿದರೆ 480, ಕಳೆದರೆ 80. ಇವು ತಂತಿಯ ಉಪಸ್ವರಗಳಂತೆ ಶಿಸ್ತಿನ ಸಾಲಿನಲ್ಲಿ ನಿಲ್ಲದೆ ಗಂಟೆಯ ನಾದದಂತೆ ಒರಟಾಗಿ, ಒಂದಕ್ಕೊಂದು ಒಲಿಯದೆ ಮಿಡಿಯುತ್ತವೆ. ಸಿಂಥಸೈಜರ್ ಮಾಡಬೇಕಾದ ಈ ಲೆಕ್ಕವನ್ನು ಮ್ಯುರಾಯ್ ಕಾಗದದ ಮೇಲೆ ಮಾಡಿ, ಬಂದ ಫಲಿತಾಂಶವನ್ನು ವಾದ್ಯವೃಂದಕ್ಕೆ ಹಂಚಿದರು. ಸಂಖ್ಯೆಗಳು ಮೆಲ್ಲಮೆಲ್ಲನೆ ಬದಲಾದಂತೆ ಗಂಟೆಯ ನಾದ ಹಿತ್ತಾಳೆ ವಾದ್ಯಗಳ ಉಸಿರಾಗಿ ಮಾರ್ಪಡುತ್ತದೆ. ಲೆಕ್ಕ ತಿಳಿಯದ ಶ್ರೋತೃವಿಗೂ ಈ ಮಾರ್ಪಾಡು ಕೇಳಿಸುತ್ತದೆ. ಸೀರಿಯಲ್ ಪದ್ಧತಿಯ ಲೆಕ್ಕಕ್ಕೂ ಇದಕ್ಕೂ ಇರುವ ಮುಖ್ಯ ಅಂತರ ಇದೇ.

ಎದುರಾಳಿಯ ಅಂಗಳದಲ್ಲಿ

ಪ್ಯಾರಿಸ್‌ನ ಪಾಂಪಿಡು ಕೇಂದ್ರದ ಮಗ್ಗುಲಲ್ಲಿ, ನೆಲದಡಿಯಲ್ಲಿ, 1977ರಲ್ಲಿ ಆರಂಭವಾದ ಸಂಗೀತ ಸಂಶೋಧನಾ ಸಂಸ್ಥೆ ‘ಇರ್ಕಾಂ’. ಅದರ ಸ್ಥಾಪಕ ಬೂಲೆಜ್. ಯಾರ ಪದ್ಧತಿಯನ್ನು ಪ್ರಶ್ನಿಸಿ ಹೊಸ ಬಳಗ ಹುಟ್ಟಿತೋ ಅವರೇ ಕಟ್ಟಿದ ಪ್ರಯೋಗಾಲಯದಲ್ಲಿ ಆ ಬಳಗಕ್ಕೆ ಬೇಕಾದ ಕಂಪ್ಯೂಟರುಗಳಿದ್ದವು. 1980ರಲ್ಲಿ ಮ್ಯುರಾಯ್ ಅಲ್ಲಿ ತರಬೇತಿ ಪಡೆದರು. 1982-83ರಲ್ಲಿ ಅಲ್ಲಿಯೇ ಸಿದ್ಧವಾದ ‘ದೆಜೆಂತೆಗ್ರಾಸಿಯೋಂ’ ಕೃತಿಯಲ್ಲಿ 17 ವಾದ್ಯಗಳು ಕಂಪ್ಯೂಟರ್ ಸೃಷ್ಟಿಸಿದ ಧ್ವನಿಗಳೊಡನೆ ಜತೆಗೂಡುತ್ತವೆ. ಎರಡಕ್ಕೂ ಆಧಾರ ಒಂದೇ: ನಿಜವಾದ ವಾದ್ಯಗಳ ಧ್ವನಿವಿಶ್ಲೇಷಣೆ. ವೇದಿಕೆಯ ಧ್ವನಿ ಎಲ್ಲಿ ಮುಗಿಯಿತು, ಸ್ಪೀಕರಿನದು ಎಲ್ಲಿ ಆರಂಭವಾಯಿತು ಎಂದು ಗುರುತಿಸುವುದು ಹಲವೆಡೆ ಅಸಾಧ್ಯ.

ಮುಂದೆ ಅವರ ವಿಶ್ಲೇಷಣೆಯ ವಸ್ತು ವಾದ್ಯಗಳನ್ನು ಮೀರಿ ಹಬ್ಬಿತು. 1993-94ರ ‘ಲೆಸ್ಪ್ರಿ ದೆ ದ್ಯೂನ್’, ಅಂದರೆ ‘ಮರಳುದಿಬ್ಬಗಳ ಚೇತನ’, ಒಂದೇ ಕಂಠದಿಂದ ಎರಡು ಸ್ವರ ಹೊಮ್ಮಿಸುವ ಮಂಗೋಲಿಯದ ಗಾಯನವನ್ನೂ ಟಿಬೆಟ್ಟಿನ ಧಾರ್ಮಿಕ ವಿಧಿಗಳ ನಾದವನ್ನೂ ಆಧರಿಸಿತು. ‘ಲ ಪರ್ತಾಜ್ ದೆಜೋ’ ಎಂಬ ವಾದ್ಯವೃಂದ ಕೃತಿಗೆ ದಡಕ್ಕೆ ಬಡಿದು ಹಿಂದೆ ಸರಿಯುವ ಅಲೆಯ ಸದ್ದೇ ಮಾದರಿಯಾಯಿತು. ಹೊರಗಿನ ಸಂಗೀತದಿಂದ ರಾಗವನ್ನೋ ತಾಳವನ್ನೋ ಎರವಲು ಪಡೆಯುವ ಬದಲು ಧ್ವನಿಯ ಒಳರಚನೆಯನ್ನು ಕಲಿಯುವುದು ಈ ಕೃತಿಗಳ ರೀತಿ.

ಗುರುವಾಗಿ ಮ್ಯುರಾಯ್

1991ರಿಂದ 1997ರವರೆಗೆ ಮ್ಯುರಾಯ್ ಇರ್ಕಾಂನಲ್ಲಿ ಸಂಯೋಜನೆ ಬೋಧಿಸಿದರು. ‘ಪ್ಯಾಚ್‌ವರ್ಕ್’ ಎಂಬ ಸಂಯೋಜನಾ ತಂತ್ರಾಂಶದ ಬೆಳವಣಿಗೆಯಲ್ಲಿಯೂ ಪಾಲ್ಗೊಂಡರು. ಉಪಸ್ವರಗಳ ಲೆಕ್ಕವನ್ನು ಕೈಯಲ್ಲಿ ಮಾಡುತ್ತಿದ್ದಾಗ ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಈಗ ಕ್ಷಣದಲ್ಲಿ ಮುಗಿಯುತ್ತಿತ್ತು. ಅದರಿಂದ ಲಾಭವಾದಂತೆ ಅಪಾಯವೂ ಎದುರಾಯಿತು. ಯಂತ್ರ ಒದಗಿಸುವ ನೂರು ಸ್ವರಗುಚ್ಛಗಳಲ್ಲಿ ಯಾವುದು ಸಂಗೀತ, ಯಾವುದು ಬರಿಯ ಮಾಹಿತಿ ಎಂದು ಆಯುವ ಹೊಣೆ ವಿದ್ಯಾರ್ಥಿಯ ಕಿವಿಯದೇ ಆಗಿತ್ತು.

1997ರಲ್ಲಿ ಅವರು ಅಮೆರಿಕಕ್ಕೆ ತೆರಳಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಯೋಜನೆಯ ಪ್ರಾಧ್ಯಾಪಕರಾದರು. ಮರುವರ್ಷವೇ, 1998ರ ನವೆಂಬರ್ 11ರಂದು, ಗ್ರಿಸೇ ತಮ್ಮ 52ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡರು. ಅವರೂ ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ದೊಡ್ಡ ಶಿಷ್ಯವರ್ಗವನ್ನು ಹೊಂದಿದ್ದವರು. ಜತೆಗೂಡಿ ಹಾದಿ ತೆರೆದ ಗೆಳೆಯನ ಅಗಲಿಕೆಗೆ ಮ್ಯುರಾಯ್ 2000ದಲ್ಲಿ ‘ವಿಂಟರ್ ಫ್ರಾಗ್ಮೆಂಟ್ಸ್’ ಎಂಬ ಕೃತಿಯ ಮೂಲಕ ನಮನ ಸಲ್ಲಿಸಿದರು. ಕೊಳಲು, ಕ್ಲಾರಿನೆಟ್, ಪಿಟೀಲು, ಚೆಲ್ಲೋ, ಪಿಯಾನೋ ಮತ್ತು ವಿದ್ಯುನ್ಮಾನ ಧ್ವನಿಗಳ ಈ ರಚನೆ ಅವರ ಅತ್ಯಂತ ಆಪ್ತ ಕೃತಿಗಳಲ್ಲಿ ಒಂದು. ಹಾದಿಯನ್ನು ವಿವರಿಸಿ ಮುಂದಕ್ಕೆ ದಾಟಿಸುವ ಭಾರ ಈಗ ಇನ್ನಷ್ಟು ಅವರ ಹೆಗಲ ಮೇಲೆ ಬಿತ್ತು.

ಕೊಲಂಬಿಯಾದಲ್ಲಿ ಅವರು 2010ರವರೆಗೆ ಇದ್ದರು. ಆನಂತರ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಗರದ ಮೊಜಾರ್ಟಿಯಂ ವಿಶ್ವವಿದ್ಯಾಲಯದಲ್ಲಿ ಅತಿಥಿ ಪ್ರಾಧ್ಯಾಪಕರಾಗಿ ಬೋಧಿಸಿದರು. ಅವರ ಬಳಿ ಕಲಿತವರಲ್ಲಿ ಬ್ರಿಟನ್ನಿನ ಜೂಲಿಯನ್ ಆಂಡರ್ಸನ್, ಅಮೆರಿಕದ ಜೋಶುವಾ ಫೈನ್‌ಬರ್ಗ್, ಕ್ರಿಸ್ಟೋಫರ್ ಟ್ರಪಾನಿ ಸೇರಿದ್ದಾರೆ. ನೇರ ಶಿಷ್ಯರಾಗದೆಯೂ ಪ್ರಭಾವಕ್ಕೆ ಒಳಗಾದವರು ಇನ್ನೂ ಹಲವರು. ಫಿನ್ಲೆಂಡಿನ ಕಾಯಾ ಸಾರಿಯಾಹೋ (1952-2023) 1980ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ನಗರದ ಬೇಸಗೆ ಶಿಬಿರದಲ್ಲಿ ಮ್ಯುರಾಯ್ ಮತ್ತು ಗ್ರಿಸೇ ಅವರ ಸಂಗೀತವನ್ನು ಕೇಳಿ ತಮ್ಮ ದಿಕ್ಕನ್ನೇ ಬದಲಿಸಿಕೊಂಡರು. ಮುಂದೆ ಅವರು ಬರೆದ ‘ದೂರದ ಪ್ರೇಮ’ ಒಪೆರಾ 2000ದಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಪ್ರದರ್ಶನಗೊಂಡು ವಿಶ್ವಖ್ಯಾತವಾಯಿತು. ಅದರಲ್ಲಿ ಮಧುರವಾದ ಗಾಯನವಿದೆ, ಕಥೆಯಿದೆ. ರೋಹಿತ ಸಂಗೀತದ ಪಾಠ ಅಲ್ಲಿ ಒಂದು ಶೈಲಿಯಾಗಿ ಉಳಿಯದೆ ಆಲಿಸುವ ಕ್ರಮವಾಗಿ ಕೆಲಸ ಮಾಡಿದೆ. ಶಾಲೆಯೊಂದು ನಿಜವಾಗಿ ಗೆದ್ದಿತೆಂದು ಹೇಳಲು ಇದಕ್ಕಿಂತ ಬೇರೆ ಗುರುತು ಬೇಕಿಲ್ಲ.

ಆಕ್ಷೇಪಗಳೂ ಇವೆ

ಈ ಮಾರ್ಗಕ್ಕೆ ವಿಮರ್ಶೆ ತಪ್ಪಿಲ್ಲ. ಎಲ್ಲ ಕೃತಿಗಳೂ ನಿಧಾನವಾಗಿ ಬಣ್ಣ ಬದಲಿಸುವ ಮೋಡಗಳಂತೆ ಒಂದೇ ತೆರನಾಗಿ ಕೇಳುತ್ತವೆ ಎಂಬುದು ಮೊದಲ ಆಕ್ಷೇಪ. ಧ್ವನಿಯ ಒಳರಚನೆ ಪ್ರಕೃತಿಸಿದ್ಧ ಎಂದ ಮಾತ್ರಕ್ಕೆ ಅದರಿಂದ ಹುಟ್ಟಿದ ಸಂಗೀತ ತಾನಾಗಿ ಶ್ರೇಷ್ಠವಾಗದು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಹುರುಳಿಲ್ಲದಿಲ್ಲ. 1970ರ ದಶಕದ ರಚನೆಗಳಲ್ಲಿ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಆಗುವ ದೀರ್ಘ ಪಯಣವೇ ಪ್ರಧಾನ. ಮ್ಯುರಾಯ್ ತಮ್ಮ ಮುಂದಿನ ಕೃತಿಗಳಲ್ಲಿ ಹಠಾತ್ ತಿರುವುಗಳನ್ನೂ ಚಿಕ್ಕ ಚಿಕ್ಕ ಖಂಡಗಳನ್ನೂ ತಂದುಕೊಂಡರು. 2002ರ ‘ಲೆ ತ್ರವೋ ಎ ಲೆ ಜೂರ್’ ಪಿಯಾನೋ ಗುಚ್ಛ ಅಂತಹ ಬಿಡಿ ಖಂಡಗಳ ಮಾಲೆ. ಕಾಲುಸ್ವರ ನುಡಿಸಲಾಗದ ಪಿಯಾನೋದಂತಹ ವಾದ್ಯದಲ್ಲಿ ರೋಹಿತದ ಭ್ರಮೆಯನ್ನು ಹುಟ್ಟಿಸುವುದು ಅವರು ತಮಗೇ ಒಡ್ಡಿಕೊಂಡ ಸವಾಲು. 2012ರಲ್ಲಿ ಪಿಯೇರ್-ಲೋರಾಂ ಎಮಾರ್ ಮ್ಯೂನಿಕ್‌ನಲ್ಲಿ ಮೊದಲು ನುಡಿಸಿದ ಪಿಯಾನೋ ಕನ್ಸರ್ಟೋ ಈ ಸವಾಲಿನ ಮುಂದುವರಿಕೆ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಪ್ರಸಿದ್ಧಗೊಳಿಸಿದ ‘ಮಾಂತ್ರಿಕತೆ ಕಳೆದುಕೊಂಡ ಜಗತ್ತು’ ಎಂಬ ಕಲ್ಪನೆಯನ್ನೇ ಅದರ ಶೀರ್ಷಿಕೆ ನೆನಪಿಸುತ್ತದೆ.

ಎರಡನೆಯ ಆಕ್ಷೇಪಕ್ಕೆ ಮ್ಯುರಾಯ್ ಅವರ ಕೃತಿಗಳೇ ಉತ್ತರ. ಅವರಲ್ಲಿ ವಿಜ್ಞಾನ ದ್ರವ್ಯವನ್ನು ಒದಗಿಸುತ್ತದೆ, ತೀರ್ಪನ್ನು ಕೊಡುವುದಿಲ್ಲ. ಅಲೆಯ ಸದ್ದಿನ ವಿಶ್ಲೇಷಣೆ ಯಾರು ಮಾಡಿದರೂ ಒಂದೇ. ಯಾವ ಕ್ಷಣವನ್ನು ಹಿಗ್ಗಿಸಬೇಕು, ಯಾವುದನ್ನು ಕೈಬಿಡಬೇಕು, ಯಾವ ವಾದ್ಯಕ್ಕೆ ಕೊಡಬೇಕು ಎಂಬ ಆಯ್ಕೆಯಲ್ಲಿ ಸಂಯೋಜಕನಿದ್ದಾನೆ.

ಹೊಸಬರು ಈ ಸಂಗೀತವನ್ನು ಎಲ್ಲಿಂದ ಆರಂಭಿಸಬಹುದು? 1978ರ ‘ಸೂರ್ಯಾಸ್ತದ ಹದಿಮೂರು ಬಣ್ಣಗಳು’ ಐದೇ ವಾದ್ಯಗಳ ಕೃತಿ. ಸಂಜೆಯ ಬೆಳಕಿನಂತೆ ಅದು ಕಣ್ಣೆದುರೇ ಬದಲಾಗುತ್ತದೆ. ರಾಗವೆಲ್ಲಿ, ತಾಳವೆಲ್ಲಿ ಎಂದು ಹುಡುಕದೆ, ಒಂದು ಸ್ವರ ಹುಟ್ಟಿ, ಅರಳಿ, ಇನ್ನೊಂದರಲ್ಲಿ ಕರಗುವುದನ್ನು ಅನುಸರಿಸಿದರೆ ಸಾಕು. ಮುಂದಿನದನ್ನು ಕಿವಿಯೇ ಕಲಿಸುತ್ತದೆ.

ಮ್ಯುರಾಯ್: ಪ್ರಮುಖ ಘಟ್ಟಗಳು

1947: ಫ್ರಾನ್ಸಿನ ಲ ಆವ್ರ್‌ನಲ್ಲಿ ಜನನ
1967: ಮೆಸ್ಸಿಯಾಂ ತರಗತಿಗೆ ಪ್ರವೇಶ
1971: ರೋಮ್ ಪ್ರಶಸ್ತಿ
1973: ‘ಲಿತಿನೆರೇರ್’ ಬಳಗದ ಸ್ಥಾಪನೆ
1980: ‘ಗೊಂಡ್ವಾನ’
1982-83: ‘ದೆಜೆಂತೆಗ್ರಾಸಿಯೋಂ’
1991-97: ಇರ್ಕಾಂನಲ್ಲಿ ಬೋಧನೆ
1997-2010: ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ
2000: ಗ್ರಿಸೇ ಸ್ಮರಣೆಯಲ್ಲಿ ‘ವಿಂಟರ್ ಫ್ರಾಗ್ಮೆಂಟ್ಸ್’
2012: ಮ್ಯೂನಿಕ್‌ನಲ್ಲಿ ಪಿಯಾನೋ ಕನ್ಸರ್ಟೋದ ಪ್ರಥಮ ಪ್ರಯೋಗ